ಪಾಸ್‌ವರ್ಡ್ ಮ್ಯಾನೇಜರ್‌ನ ಹೊಸ ಆವೃತ್ತಿಗೆ ಇಡೀ ಕಚೇರಿಯನ್ನು ದಾಟಿಸುವ ಬಗೆ

ಕಂಪ್ಯೂಟರ್ ಬಳಕೆಯ ಬಗ್ಗೆ ಓದುಗರು ಕಳುಹಿಸಿದ ಪತ್ರಗಳಲ್ಲಿ ಒಂದೇ ವಿಷಯಕ್ಕೆ, ಅಂದರೆ ಪಾಸ್‌ವರ್ಡ್‌ಗಳನ್ನೆಲ್ಲ ಬೀಗದೊಳಗೆ ಕಾಯ್ದಿಡುವ ಪಾಸ್‌ವರ್ಡ್ ಮ್ಯಾನೇಜರ್ ತಂತ್ರಾಂಶಗಳಿಗೆ, ಸೇರಿದವನ್ನು ಈ ಬಾರಿ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಮೊದಲ ಪತ್ರಕ್ಕೆ ಬರೆದ ಉತ್ತರ ದೀರ್ಘವಾಗಿದೆ. ಅಲ್ಲಿ ಕೇಳಿರುವ ತೊಂದರೆ ನಮ್ಮ ಊರುಗಳ ಎಷ್ಟೋ ಸಣ್ಣ ಕಚೇರಿಗಳದ್ದು.

ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮದು ಆರು ಜನರ ತೆರಿಗೆ ಸಲಹಾ ಕಚೇರಿ. ಗ್ರಾಹಕರ ಜಿಎಸ್‌ಟಿ, ಆದಾಯ ತೆರಿಗೆ, ಭವಿಷ್ಯ ನಿಧಿ ಪೋರ್ಟಲ್‌ಗಳ ಪಾಸ್‌ವರ್ಡ್‌ಗಳೆಲ್ಲ ಕೀಪಾಸ್ 1 ಎಂಬ ಪಾಸ್‌ವರ್ಡ್ ಮ್ಯಾನೇಜರ್‌ನ ಒಂದೇ ಫೈಲಿನಲ್ಲಿವೆ. ಆ ಫೈಲು ಒಂದು ಕಂಪ್ಯೂಟರಿನ ಶೇರ್ಡ್ ಫೋಲ್ಡರಿನಲ್ಲಿದೆ. ಒಬ್ಬರು ಅದನ್ನು ತೆರೆದಿದ್ದರೆ ಮತ್ತೊಬ್ಬರು ಓದಬಹುದೇ ಹೊರತು ಏನನ್ನೂ ಉಳಿಸಲು ಬರುವುದಿಲ್ಲ. ಕೀಪಾಸ್ 2ಕ್ಕೆ ಹೋಗಬೇಕೆಂದಿದ್ದೇವೆ. ಕೆಲಸ ನಿಲ್ಲದಂತೆ, ಏನೂ ಕಳೆದುಹೋಗದಂತೆ ಇದನ್ನು ಮಾಡುವುದು ಹೇಗೆ? ಸ್ವಲ್ಪ ದಿನ ಎರಡನ್ನೂ ಬಳಸುತ್ತಾ ಹೋಗಬಹುದೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. ಎರಡನ್ನೂ ಒಟ್ಟಿಗೆ ಒಂದು ದಿನವೂ ಬಳಸಬೇಡಿ. ಕೀಪಾಸ್ 1 ಬರೆಯುವ ಕೆಡಿಬಿ ಫೈಲನ್ನು ಕೀಪಾಸ್ 2 ನೇರವಾಗಿ ತೆರೆಯುವುದಿಲ್ಲ, ಇಂಪೋರ್ಟ್ ಮೂಲಕ ಅದರೊಳಗಿನ ಮಾಹಿತಿಯನ್ನು ನಕಲು ಮಾಡಿಕೊಳ್ಳುತ್ತದೆ. ಕೀಪಾಸ್ 2 ಬರೆಯುವ ಕೆಡಿಬಿಎಕ್ಸ್ ಫೈಲನ್ನಂತೂ ಕೀಪಾಸ್ 1 ಓದಲಾರದು. ನಕಲು ಮುಗಿದ ಕ್ಷಣದಿಂದ ಆ ಎರಡು ಫೈಲುಗಳ ನಡುವೆ ಯಾವ ಸಂಬಂಧವೂ ಉಳಿಯುವುದಿಲ್ಲ. ಮಂಗಳವಾರ ಒಬ್ಬ ಸಹಾಯಕರು ಅಭ್ಯಾಸಬಲದಿಂದ ಹಳೆಯ ಫೈಲನ್ನೇ ತೆರೆದು, ಒಬ್ಬ ಗ್ರಾಹಕರ ಜಿಎಸ್‌ಟಿ ಪಾಸ್‌ವರ್ಡ್ ಬದಲಿಸಿ ಅಲ್ಲಿಯೇ ಉಳಿಸುತ್ತಾರೆ ಎಂದುಕೊಳ್ಳಿ. ಗುರುವಾರ ಹೊಸ ಫೈಲನ್ನು ನಂಬಿದ ಮತ್ತೊಬ್ಬರು ಚಾಲ್ತಿಯಲ್ಲಿಲ್ಲದ ಪಾಸ್‌ವರ್ಡನ್ನು ಮತ್ತೆ ಮತ್ತೆ ಕೊಟ್ಟು ಖಾತೆಗೆ ತಡೆ ಬೀಳುವಂತೆ ಮಾಡುತ್ತಾರೆ, ತಪ್ಪು ಯಾವ ಫೈಲಿನದೆಂದು ಹುಡುಕುವುದರಲ್ಲಿಯೇ ಅರ್ಧ ದಿನ ಹೋಗುತ್ತದೆ. ಒಂದು ದಿನವನ್ನು ಗೊತ್ತುಮಾಡಿ, ಬೆಳಿಗ್ಗೆ ಎಲ್ಲರೂ ಹಳೆಯದರಲ್ಲಿ, ಸಂಜೆಗೆ ಎಲ್ಲರೂ ಹೊಸದರಲ್ಲಿ ಇರುವಂತೆ ಮಾಡುವುದೇ ಸರಿಯಾದ ಕ್ರಮ.

ಆ ದಿನ ಯಾವುದೆಂಬುದನ್ನು ನಿಮ್ಮ ವೃತ್ತಿಯ ಪಂಚಾಂಗವೇ ಹೇಳುತ್ತದೆ. ತಿಂಗಳ 7ಕ್ಕೆ ಟಿಡಿಎಸ್ ಪಾವತಿ, 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ ಎಂಬ ಜಿಎಸ್‌ಟಿ ರಿಟರ್ನ್‌ಗಳು, ತ್ರೈಮಾಸಿಕ ಗ್ರಾಹಕರಿದ್ದರೆ 22ರ ಗಡುವು ಬೇರೆ. ಇವೆಲ್ಲ ಕಳೆದ ಮೇಲೆ ತಿಂಗಳ ಕೊನೆಯ ವಾರದ ಒಂದು ಶನಿವಾರವನ್ನು ಆರಿಸಿಕೊಳ್ಳಿ. ರಿಟರ್ನ್ ಸಲ್ಲಿಕೆಯ ಒತ್ತಡವಿರುವ ಜುಲೈ ತಿಂಗಳನ್ನು ಮಾತ್ರ ಪೂರ್ತಿಯಾಗಿ ಬಿಟ್ಟುಬಿಡಿ. ಗಡುವಿನ ಹಿಂದಿನ ದಿನ ಹೊಸ ತಂತ್ರಾಂಶವನ್ನು ಕೈಗೆ ಕೊಟ್ಟರೆ, ಅದು ಎಷ್ಟೇ ಒಳ್ಳೆಯದಿದ್ದರೂ ಸಿಬ್ಬಂದಿ ಹಳೆಯದಕ್ಕೇ ಮರಳುತ್ತಾರೆ, ಮತ್ತು ಅದಕ್ಕಾಗಿ ಅವರನ್ನು ದೂರುವುದು ನ್ಯಾಯವಲ್ಲ.

ಈಗ ಹಿನ್ನೆಲೆಯ ಒಂದೆರಡು ಮಾತು. ಕೀಪಾಸ್ ತಂತ್ರಾಂಶವನ್ನು ಜರ್ಮನಿಯ ಡೊಮಿನಿಕ್ ರೈಕಲ್ 2003ರಲ್ಲಿ ಮೊದಲು ಹೊರತಂದರು. 1 ಮತ್ತು 2 ಒಂದರ ನಂತರ ಒಂದು ಬಂದ ಮೆಟ್ಟಿಲುಗಳಂತೆ ಕಂಡರೂ ವಾಸ್ತವದಲ್ಲಿ ಬೇರೆ ಬೇರೆಯಾಗಿ ಬೆಳೆದ ಎರಡು ಕವಲುಗಳು. 1ರಲ್ಲಿ ಒಂದು ನಮೂದಿಗೆ ಒಂದೇ ಲಗತ್ತು ಇಡಬಹುದಾದರೆ, 2ರಲ್ಲಿ ಹಲವನ್ನು ಇಡಬಹುದು. ಪ್ಯಾನ್, ಜಿಎಸ್‌ಟಿಐಎನ್ (ಜಿಎಸ್‌ಟಿ ನೋಂದಣಿ ಸಂಖ್ಯೆ), ನೋಂದಾಯಿತ ಮೊಬೈಲ್ ಯಾರ ಬಳಿ ಇದೆ ಎಂಬಂತಹ ವಿವರಗಳಿಗೆ 2ರಲ್ಲಿ ಪ್ರತ್ಯೇಕ ಕ್ಷೇತ್ರಗಳನ್ನೇ ಮಾಡಿಕೊಳ್ಳಬಹುದು. ಹಲವರು ಒಂದೇ ಫೈಲನ್ನು ಬಳಸುವಾಗ ಬದಲಾವಣೆಗಳನ್ನು ಒಂದಕ್ಕೊಂದು ಸೇರಿಸುವ ವ್ಯವಸ್ಥೆಯೂ ಅದರಲ್ಲಿದೆ. ನಿಮ್ಮ ಈಗಿನ ತೊಂದರೆಗೆ ನೇರ ಪರಿಹಾರ ಇದೇ.

ಆದರೆ ನನ್ನ ದೃಷ್ಟಿಯಲ್ಲಿ ಇವೆಲ್ಲಕ್ಕಿಂತ ದೊಡ್ಡ ಕಾರಣ ಬೇರೆ. ಇಡೀ ಫೈಲನ್ನು ತೆರೆಯುವ ಮಾಸ್ಟರ್ ಪಾಸ್‌ವರ್ಡನ್ನು ನೀವು ಒತ್ತಿದಾಗ ತಂತ್ರಾಂಶ ಅದನ್ನು ಹಲವು ಸಾವಿರ ಸಲ ಕಡೆದು, ಬಂದ ಫಲಿತಾಂಶದಿಂದ ಫೈಲಿನ ಬೀಗ ತೆಗೆಯುತ್ತದೆ. ಹೀಗೆ ಕಡೆಯುವುದರ ಉದ್ದೇಶ ಒಂದೇ: ಫೈಲು ಕದ್ದವನು ಪಾಸ್‌ವರ್ಡನ್ನು ಊಹಿಸಿ ಊಹಿಸಿ ನೋಡುವಾಗ ಪ್ರತಿಯೊಂದು ಊಹೆಗೂ ಅವನಿಗೆ ಸಮಯ ತಗಲಬೇಕು. ಹಳೆಯ ಫೈಲುಗಳಲ್ಲಿ ಈ ಸುತ್ತುಗಳ ರೂಢಿಯ ಸಂಖ್ಯೆ 6,000. ಇಂದಿನ ಯಂತ್ರಗಳಿಗೆ ಅದು ಲೆಕ್ಕಕ್ಕೇ ಇಲ್ಲ. 2017ರ ಜನವರಿಯಲ್ಲಿ ಬಂದ ಕೀಪಾಸ್ 2.35ರಲ್ಲಿ ಕೆಡಿಬಿಎಕ್ಸ್ 4 ಎಂಬ ಹೊಸ ಫೈಲ್ ರೂಪವೂ, ಅದರೊಂದಿಗೆ ಆರ್ಗಾನ್2 ಎಂಬ ವಿಧಾನವೂ ಸೇರಿದವು. ಪಾಸ್‌ವರ್ಡ್ ರಕ್ಷಣೆಯ ವಿಧಾನಗಳಿಗಾಗಿಯೇ ನಡೆದ ಮುಕ್ತ ಸ್ಪರ್ಧೆಯಲ್ಲಿ 2015ರಲ್ಲಿ ಗೆದ್ದ ವಿಧಾನ ಅದು. ಪ್ರತಿ ಊಹೆಗೂ ಸಮಯದ ಜೊತೆಗೆ ಸಾಕಷ್ಟು ಮೆಮೊರಿಯನ್ನೂ ಬೇಡುವುದರಿಂದ, ಸಾವಿರಾರು ಊಹೆಗಳನ್ನು ಏಕಕಾಲಕ್ಕೆ ನಡೆಸುವುದು ಕಳ್ಳನಿಗೆ ಬಹಳ ದುಬಾರಿಯಾಗುತ್ತದೆ.

ಗೊತ್ತುಮಾಡಿದ ದಿನಕ್ಕಿಂತ ಒಂದು ವಾರ ಮೊದಲು ಮಾಡಬೇಕಾದ ಕೆಲಸವೊಂದಿದೆ, ಇದನ್ನು ದಯವಿಟ್ಟು ಬಿಡಬೇಡಿ. ಹಳೆಯ ಫೈಲಿನ ಪ್ರತಿಗಳು ಎಲ್ಲೆಲ್ಲಿವೆ ಎಂದು ಎಲ್ಲರನ್ನೂ ಕೇಳಿ ಒಂದು ಕಾಗದದ ಮೇಲೆ ಬರೆದುಕೊಳ್ಳಿ. ಮನೆಯಿಂದ ಕೆಲಸ ಮಾಡಲೆಂದು ಪೆನ್‌ಡ್ರೈವ್‌ನಲ್ಲಿ ಒಯ್ದದ್ದು, ತಮಗೆ ತಾವೇ ಇಮೇಲ್ ಮಾಡಿಕೊಂಡದ್ದು, ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿದ್ದು, ಬಿಟ್ಟುಹೋದ ಆರ್ಟಿಕಲ್ (ಸಿಎ ತರಬೇತಿಯ) ವಿದ್ಯಾರ್ಥಿಯ ಲ್ಯಾಪ್‌ಟಾಪಿನಲ್ಲಿ ಉಳಿದದ್ದು, ಎಲ್ಲವೂ ಈ ಪಟ್ಟಿಗೆ ಬರಬೇಕು. ಕೇಳುವಾಗ ತನಿಖೆಯ ಧ್ವನಿ ಬೇಡ. ಗದರಿದರೆ ಯಾರೂ ಹೇಳುವುದಿಲ್ಲ, ಹೇಳದ ಪ್ರತಿಯೇ ಮುಂದೆ ತೊಂದರೆ ಕೊಡುವ ಪ್ರತಿ. ಆ ವಿವಿಧ ಪ್ರತಿಗಳಲ್ಲಿ ಯಾವುದರಲ್ಲಾದರೂ ಮುಖ್ಯ ಫೈಲಿನಲ್ಲಿ ಇಲ್ಲದ ಹೊಸ ಪಾಸ್‌ವರ್ಡ್ ಇದೆಯೇ ಎಂಬುದನ್ನೂ ಆಗಲೇ ನೋಡಿ ಮುಖ್ಯ ಫೈಲಿಗೆ ಸೇರಿಸಿಕೊಳ್ಳಿ.

ಗೊತ್ತುಮಾಡಿದ ದಿನ ಮೊದಲು ಎಲ್ಲರಿಂದಲೂ ಕೀಪಾಸ್ 1ನ್ನು ಮುಚ್ಚಿಸಿ. ಮುಖ್ಯ ಫೈಲಿನ ಎರಡು ಪ್ರತಿಗಳನ್ನು ಎರಡು ಬೇರೆ ಪೆನ್‌ಡ್ರೈವ್‌ಗಳಿಗೆ ಹಾಕಿ, ಎರಡೂ ತೆರೆಯುತ್ತವೆಯೇ ಎಂದು ಇನ್ನೊಂದು ಕಂಪ್ಯೂಟರಿನಲ್ಲಿ ನೋಡಿ. ತೆರೆದು ನೋಡದ ಬ್ಯಾಕಪ್ಪನ್ನು ಬ್ಯಾಕಪ್ ಎಂದು ಎಣಿಸಬಾರದು. ಆಮೇಲೆ ಒಂದೇ ಕಂಪ್ಯೂಟರಿನಲ್ಲಿ ಕೀಪಾಸ್ 2ರಲ್ಲಿ ಹೊಸ ಡೇಟಾಬೇಸ್ ತೆರೆದು, ಹೊಸ ಮಾಸ್ಟರ್ ಪಾಸ್‌ವರ್ಡ್ ಕೊಟ್ಟು, ಫೈಲ್ ಮೆನುವಿನ ಇಂಪೋರ್ಟ್‌ನಲ್ಲಿ ಕೀಪಾಸ್ ಕೆಡಿಬಿ ಎಂಬುದನ್ನು ಆರಿಸಿ. ಹಳೆಯ ಮಾಸ್ಟರ್ ಪಾಸ್‌ವರ್ಡನ್ನು ಅದು ಕೇಳುತ್ತದೆ, ಕೊಟ್ಟರೆ ಗುಂಪುಗಳೂ ನಮೂದುಗಳೂ ಇದ್ದ ಹಾಗೆಯೇ ಬರುತ್ತವೆ. ಸಿಎಸ್‌ವಿ ಫೈಲಾಗಿ ಹೊರತೆಗೆದು ಮತ್ತೆ ಒಳಸೇರಿಸುವ ಅಡ್ಡದಾರಿಯನ್ನು ಯಾರಾದರೂ ಸೂಚಿಸಿದರೆ ಒಪ್ಪಬೇಡಿ. ಸಿಎಸ್‌ವಿ ಎಂದರೆ ನಿಮ್ಮ ಎಲ್ಲ ಗ್ರಾಹಕರ ಪಾಸ್‌ವರ್ಡ್‌ಗಳು ಯಾವ ಬೀಗವೂ ಇಲ್ಲದೆ ಡಿಸ್ಕಿನ ಮೇಲೆ ಬಿದ್ದಿರುವ ಪಟ್ಟಿ. ಅಳಿಸಿದ ಮೇಲೂ ಅದರ ಕುರುಹು ಉಳಿಯಬಹುದು.

ಮುಂದಿನದು ಡೇಟಾಬೇಸ್ ಸೆಟ್ಟಿಂಗ್ಸ್‌ನ ಸೆಕ್ಯೂರಿಟಿ ಪುಟ. ಅಲ್ಲಿ ಕೀ ಡಿರೈವೇಷನ್ ಎಂಬ ಭಾಗದಲ್ಲಿ ಆರ್ಗಾನ್2 ಇದೆಯೇ ಎಂದು ನೋಡಿ, ಇಲ್ಲದಿದ್ದರೆ ಅದನ್ನೇ ಆರಿಸಿ. ಒಂದು ಸೆಕೆಂಡಿನ ವಿಳಂಬಕ್ಕೆ ಹೊಂದಿಸುವ ಗುಂಡಿಯೊಂದು ಅಲ್ಲಿಯೇ ಇದೆ. ಅದು ನೀವು ಕುಳಿತಿರುವ ಯಂತ್ರದ ವೇಗವನ್ನೇ ಅಳೆದು ಲೆಕ್ಕ ಹಾಕುತ್ತದೆ. ಮಾಲೀಕರ ಹೊಸ ಲ್ಯಾಪ್‌ಟಾಪಿನಲ್ಲಿ ಈ ಗುಂಡಿ ಒತ್ತಿದರೆ ಸ್ವಾಗತ ಮೇಜಿನ ಹಳೆಯ ಕಂಪ್ಯೂಟರಿನಲ್ಲಿ ಫೈಲು ತೆರೆಯಲು ಹಲವು ಸೆಕೆಂಡುಗಳಾಗುತ್ತವೆ, ಅಲ್ಲಿ ಕೂರುವವರು ಬೇಸತ್ತು ಫೈಲನ್ನು ಇಡೀ ದಿನ ತೆರೆದೇ ಇಡುತ್ತಾರೆ. ಆದುದರಿಂದ ಈ ಹೊಂದಿಕೆಯನ್ನು ಕಚೇರಿಯ ಅತಿ ನಿಧಾನದ ಯಂತ್ರದ ಮುಂದೆ ಕುಳಿತು ಮಾಡಿ. ಮೊಬೈಲಿನಲ್ಲಿಯೂ ತೆರೆಯುವವರಿದ್ದರೆ ಮೆಮೊರಿಯನ್ನು 64 ಎಂಬಿಯ ಆಸುಪಾಸಿನಲ್ಲಿ ಇಟ್ಟರೆ ಸಾಕು, ತೀರಾ ಹೆಚ್ಚಿಸಿದರೆ ಕೆಲವು ಫೋನುಗಳಲ್ಲಿ ಫೈಲು ತೆರೆಯುವುದೇ ಇಲ್ಲ.

ಪರಿಶೀಲನೆಯ ವೇಳೆ ಒಂದು ಸಂಗತಿ ನಿಮ್ಮನ್ನು ಗಾಬರಿಪಡಿಸಬಹುದು: ಒಬ್ಬನೇ ಗ್ರಾಹಕನ ಹೆಸರು ಹುಡುಕಿದರೆ ಎರಡು ಮೂರು ನಮೂದುಗಳು ಬರುತ್ತವೆ. ಕೀಪಾಸ್ 1ರಲ್ಲಿ ನಮೂದನ್ನು ತಿದ್ದಿದಾಗ ಹಳೆಯ ರೂಪ ಬ್ಯಾಕಪ್ ಎಂಬ ಗುಂಪಿಗೆ ಹೋಗಿ ಕೂರುತ್ತಿತ್ತು, ಇಂಪೋರ್ಟ್ ಆದಾಗ ಆ ಗುಂಪೂ ಸಾಮಾನ್ಯ ಗುಂಪಿನಂತೆ ಬಂದಿರುತ್ತದೆ. ಕೀಪಾಸ್ 2ರಲ್ಲಿ ಪ್ರತಿ ನಮೂದಿನೊಳಗೆಯೇ ಹಿಸ್ಟರಿ ಎಂಬ ಪುಟವಿರುವುದರಿಂದ ಆ ಗುಂಪಿನ ಅಗತ್ಯವಿಲ್ಲ. ಹಾಗೆಂದು ಅದನ್ನು ಕೂಡಲೇ ಅಳಿಸಬೇಡಿ. ಗುಂಪಿನ ಗುಣಲಕ್ಷಣಗಳಲ್ಲಿ ಹುಡುಕಾಟವನ್ನು ನಿಷ್ಕ್ರಿಯಗೊಳಿಸಿದರೆ ಅದು ಕಣ್ಣಿಗೆ ಬೀಳುವುದು ತಪ್ಪುತ್ತದೆ. ಅದನ್ನು ಹೊರತುಪಡಿಸಿ ಹಳೆಯ ಹಾಗೂ ಹೊಸ ಫೈಲುಗಳ ನಮೂದುಗಳ ಸಂಖ್ಯೆ ತಾಳೆಯಾಗುತ್ತದೆಯೇ ನೋಡಿ. ಲಗತ್ತುಗಳಿರುವ ನಮೂದುಗಳನ್ನೂ, ಕನ್ನಡದಲ್ಲಿ ಟಿಪ್ಪಣಿ ಬರೆದ ನಮೂದುಗಳನ್ನೂ ಒಂದೊಂದಾಗಿ ತೆರೆದು ನೋಡಿ. ಕೊನೆಗೆ ಪ್ರತಿ ಪೋರ್ಟಲ್‌ಗೂ ಕೆಲವು ಗ್ರಾಹಕರನ್ನು ಆರಿಸಿ ಹೊಸ ಫೈಲಿನಿಂದಲೇ ಲಾಗಿನ್ ಆಗಿ ಖಚಿತಪಡಿಸಿಕೊಳ್ಳಿ.

ಇದಾದ ಮೇಲೆಯೇ ಸಿಬ್ಬಂದಿಯ ಸರದಿ. ಹಳೆಯ ಫೈಲನ್ನು ಶೇರ್ಡ್ ಫೋಲ್ಡರಿನಿಂದ ತೆಗೆದು, ಕಂಪ್ಯೂಟರುಗಳಿಂದ ಕೀಪಾಸ್ 1ನ್ನೂ ತೆಗೆದು, ಅದೇ ಜಾಗದಲ್ಲಿ ಹೊಸದರ ಐಕಾನ್ ಇಡಿ. ಪ್ರತಿಯೊಬ್ಬರ ಪಕ್ಕದಲ್ಲಿ ಕುಳಿತು ಅವರ ಕೈಯಿಂದಲೇ ಮೂರು ಕೆಲಸ ಮಾಡಿಸಿ: ಒಂದು ಪಾಸ್‌ವರ್ಡ್ ಹುಡುಕಿ ಬಳಸುವುದು, ಒಂದನ್ನು ಬದಲಿಸಿ ಉಳಿಸುವುದು, ಇಬ್ಬರು ಏಕಕಾಲಕ್ಕೆ ಬದಲಿಸಿದಾಗ ಬರುವ ಪ್ರಶ್ನೆಗೆ ಉತ್ತರಿಸುವುದು. ನಕಲು ಮಾಡಿದ ಪಾಸ್‌ವರ್ಡ್ 12 ಸೆಕೆಂಡುಗಳಲ್ಲಿ ಕ್ಲಿಪ್‌ಬೋರ್ಡಿನಿಂದ ತಾನಾಗಿಯೇ ಅಳಿಸಿಹೋಗುವುದು ಕೀಪಾಸ್ 2ರ ರೂಢಿ. ಇದನ್ನು ಮೊದಲೇ ಹೇಳದಿದ್ದರೆ ಪೇಸ್ಟ್ ಮಾಡಿದಾಗ ಏನೂ ಬರಲಿಲ್ಲವೆಂದು ಅವರು ತಂತ್ರಾಂಶವನ್ನೇ ಅನುಮಾನಿಸುತ್ತಾರೆ.

ಮೂರನೆಯದನ್ನು ವಿಶೇಷವಾಗಿ ಅಭ್ಯಾಸ ಮಾಡಿಸಿ. ನೀವು ತೆರೆದ ನಂತರ ಬೇರೊಬ್ಬರು ಫೈಲನ್ನು ಬದಲಿಸಿದ್ದರೆ, ಉಳಿಸುವಾಗ ಕೀಪಾಸ್ 2 ಸಿಂಕ್ರೊನೈಸ್ ಮಾಡಬೇಕೋ ಓವರ್‌ರೈಟ್ ಮಾಡಬೇಕೋ ಎಂದು ಕೇಳುತ್ತದೆ. ಓವರ್‌ರೈಟ್ ಒತ್ತಿದರೆ ಸಹೋದ್ಯೋಗಿಯ ಕೆಲಸ ಅಳಿಸಿಹೋಗುತ್ತದೆ, ಸಿಂಕ್ರೊನೈಸ್ ಒತ್ತಿದರೆ ಎರಡೂ ಸೇರುತ್ತವೆ. ಒಂದೇ ನಮೂದನ್ನು ಇಬ್ಬರೂ ತಿದ್ದಿದ್ದರೆ ಕೊನೆಯ ಬಾರಿ ತಿದ್ದಿದ ಸಮಯವನ್ನು ನೋಡಿ ಹೊಸದನ್ನು ಮೇಲಿಟ್ಟು ಹಳೆಯದನ್ನು ಹಿಸ್ಟರಿಗೆ ಸೇರಿಸುತ್ತದೆ. ಇಲ್ಲಿ ಗಡಿಯಾರ ಮುಖ್ಯವಾಗುತ್ತದೆ. ಮದರ್‌ಬೋರ್ಡಿನ ಪುಟ್ಟ ಬ್ಯಾಟರಿ ಸತ್ತು, ಪ್ರತಿದಿನ ಹಿಂದಿನ ಯಾವುದೋ ವರ್ಷದ ತಾರೀಖು ತೋರಿಸುವ ಕಂಪ್ಯೂಟರೊಂದು ಕಚೇರಿಯಲ್ಲಿದ್ದರೆ, ಅಲ್ಲಿ ಮಾಡಿದ ಬದಲಾವಣೆಯನ್ನು ತಂತ್ರಾಂಶ ಹಳೆಯದೆಂದೇ ತಿಳಿಯುತ್ತದೆ. ಆ ಬ್ಯಾಟರಿಯನ್ನು ಮೊದಲು ಬದಲಾಯಿಸಿ.

ನೀವು ಕೇಳದಿದ್ದರೂ ಒಂದು ಮಾತನ್ನು ಹೇಳಲೇಬೇಕು. ಕೀಪಾಸ್‌ನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಅಧಿಕಾರ ಎಂಬುದಿಲ್ಲ, ಮಾಸ್ಟರ್ ಪಾಸ್‌ವರ್ಡ್ ಬಲ್ಲವರಿಗೆಲ್ಲ ಇಡೀ ಫೈಲು ಕಾಣುತ್ತದೆ. ಕಚೇರಿಯ ಬ್ಯಾಂಕ್ ಖಾತೆ, ಮಾಲೀಕರ ಸ್ವಂತ ವಿವರಗಳು ಗ್ರಾಹಕರ ಪಾಸ್‌ವರ್ಡ್‌ಗಳ ಜೊತೆಗೇ ಇದ್ದರೆ, ಈ ಬದಲಾವಣೆಯ ಸಂದರ್ಭದಲ್ಲಿಯೇ ಅವನ್ನು ಪ್ರತ್ಯೇಕ ಫೈಲಿಗೆ ಸರಿಸಿ ಬೇರೆ ಮಾಸ್ಟರ್ ಪಾಸ್‌ವರ್ಡ್ ಕೊಡಿ.

ಇನ್ನು ಆ ಪಟ್ಟಿಯಲ್ಲಿ ಬರೆದ ಹಳೆಯ ಪ್ರತಿಗಳು. ಹೊಸ ಫೈಲಿನ ಆರ್ಗಾನ್2 ಹಳೆಯ ಪ್ರತಿಗಳನ್ನು ಕಾಯುವುದಿಲ್ಲ. ಅವು ಆ 6,000 ಸುತ್ತುಗಳ ರಕ್ಷಣೆಯಲ್ಲಿಯೇ, ಹಳೆಯ ಮಾಸ್ಟರ್ ಪಾಸ್‌ವರ್ಡಿಗೇ ತೆರೆದುಕೊಳ್ಳುತ್ತಾ ಉಳಿಯುತ್ತವೆ. ಹೊಸ ಆವೃತ್ತಿಗೆ ಹೋದ ಅನೇಕ ಕಚೇರಿಗಳು ಇಲ್ಲಿಗೇ ಕೆಲಸ ಮುಗಿಯಿತೆಂದು ಭಾವಿಸುವುದು ನನಗೆ ಚಿಂತೆಯ ವಿಷಯ. ಹಳೆಯ ಮಾಸ್ಟರ್ ಪಾಸ್‌ವರ್ಡನ್ನು ಹೊಸ ಫೈಲಿಗೆ ಮರುಬಳಕೆ ಮಾಡಲೇಬೇಡಿ. ಕೈಗೆ ಸಿಕ್ಕ ಪ್ರತಿಗಳನ್ನು ಅಳಿಸಿ, ಇಮೇಲಿನ ಸೆಂಟ್ ಮತ್ತು ಟ್ರ್ಯಾಶ್ ಫೋಲ್ಡರುಗಳಲ್ಲೂ ನೋಡಿ. ಎರಡು ಪೆನ್‌ಡ್ರೈವ್‌ಗಳ ಬ್ಯಾಕಪ್ಪನ್ನು ಮಾತ್ರ ಒಂದು ತ್ರೈಮಾಸಿಕ ಮುಗಿಯುವವರೆಗೆ ಬೀರುವಿನಲ್ಲಿ ಬೀಗ ಹಾಕಿಟ್ಟು ಆಮೇಲೆ ಅಳಿಸಿ. ಕೈಗೆ ಸಿಗದ ಪ್ರತಿಗಳ ವಿಷಯದಲ್ಲಿ ಇರುವ ದಾರಿ ಒಂದೇ: ಅದರೊಳಗಿನ ಪಾಸ್‌ವರ್ಡ್‌ಗಳನ್ನೇ ಬದಲಿಸುವುದು. ನೂರಾರು ಗ್ರಾಹಕರಿದ್ದರೆ ಒಂದೇ ವಾರದಲ್ಲಿ ಆಗುವ ಮಾತಲ್ಲ. ಮೊದಲು ಬ್ಯಾಂಕು ಹಾಗೂ ಇಮೇಲ್, ನಂತರ ಮರುಪಾವತಿ ಬರುವ ಖಾತೆಗಳು, ಉಳಿದವನ್ನು ಆಯಾ ಗ್ರಾಹಕರ ಮುಂದಿನ ರಿಟರ್ನ್ ಸಲ್ಲಿಸುವಾಗ ಎಂದು ಕ್ರಮ ಹಾಕಿಕೊಳ್ಳಿ.

ಪ್ರಶ್ನೆ: ನಾವು ಮೈಸೂರಿನಲ್ಲಿ ನಾಲ್ವರು ಸೇರಿ ವಿನ್ಯಾಸದ ಕೆಲಸ ಮಾಡುತ್ತೇವೆ. ಎಲ್ಲರ ಮ್ಯಾಕ್‌ಗಳಲ್ಲೂ ಒನ್‌ಪಾಸ್‌ವರ್ಡ್ 7 ಎಂಬ ಪಾಸ್‌ವರ್ಡ್ ಮ್ಯಾನೇಜರ್ ಇದೆ, ಪಾಸ್‌ವರ್ಡ್‌ಗಳನ್ನಿಟ್ಟ ಅದರ ವಾಲ್ಟ್ ಡ್ರಾಪ್‌ಬಾಕ್ಸ್‌ನಲ್ಲಿದೆ. 8ಕ್ಕೆ ಹೋದರೆ ಈ ವ್ಯವಸ್ಥೆ ಮುಂದುವರಿಯುತ್ತದೆಯೇ?

ಉತ್ತರ: ಮುಂದುವರಿಯುವುದಿಲ್ಲ. ವಿಂಡೋಸ್‌ಗೆ 2021ರ ನವೆಂಬರ್‌ನಲ್ಲಿ, ಮ್ಯಾಕ್‌ಗೆ 2022ರ ಮೇ ತಿಂಗಳಲ್ಲಿ ಬಂದ 8ನೆಯ ಆವೃತ್ತಿಯಲ್ಲಿ ಡ್ರಾಪ್‌ಬಾಕ್ಸ್ ಅಥವಾ ಐಕ್ಲೌಡ್ ಮೂಲಕ ಹಂಚಿಕೊಳ್ಳುವ ಸ್ವತಂತ್ರ ವಾಲ್ಟ್‌ಗಳಿಗೆ ಜಾಗವಿಲ್ಲ. ಕಂಪನಿಯ ಸರ್ವರಿನಲ್ಲಿ ಖಾತೆ ತೆರೆದು ಚಂದಾ ಕೊಡಬೇಕು. ತಮ್ಮ ಮಾಹಿತಿ ತಮ್ಮ ಕೈಯಲ್ಲೇ ಇರಲಿ ಎನ್ನುವವರಿಗೆ ಇದು ಸಹಜವಾಗಿಯೇ ಇರಿಸುಮುರಿಸು ತಂದಿತು. ಅದು ನಿಮಗೂ ಒಪ್ಪಿಗೆಯಿಲ್ಲದಿದ್ದರೆ ಮೇಲೆ ಹೇಳಿದ ಕೀಪಾಸ್‌ನ ದಾರಿ ಇದೆ, ಮ್ಯಾಕ್‌ನಲ್ಲಿ ಅದೇ ಕೆಡಿಬಿಎಕ್ಸ್ ಫೈಲನ್ನು ಕೀಪಾಸ್‌ಎಕ್ಸ್‌ಸಿ ಎಂಬ ತಂತ್ರಾಂಶ ತೆರೆಯುತ್ತದೆ. ಆದರೆ ಹಂಚಿಕೊಂಡು ಕೆಲಸ ಮಾಡುವ ನಾಲ್ವರಿಗೆ ತಂಡದ ಖಾತೆ ಹೆಚ್ಚು ಅನುಕೂಲವೆಂದು ನನ್ನ ಅಭಿಪ್ರಾಯ, ಏಕೆಂದರೆ ಯಾವ ವಾಲ್ಟ್ ಯಾರಿಗೆ ಕಾಣಬೇಕೆಂದು ಅಲ್ಲಿ ಗೊತ್ತುಪಡಿಸಬಹುದು.

ಹೋಗುವುದಾದರೆ ಎಚ್ಚರ ವಹಿಸಬೇಕಾದ ಜಾಗ ಇಂಪೋರ್ಟ್. ನಿಮ್ಮ ನಾಲ್ವರಲ್ಲೂ ಇರುವುದು ಒಂದೇ ವಾಲ್ಟ್, ಪ್ರತಿಯೊಬ್ಬರೂ ತಮ್ಮ ಮ್ಯಾಕ್‌ನಿಂದ ಅದನ್ನು ಸೇರಿಸಿದರೆ ಪ್ರತಿ ಪಾಸ್‌ವರ್ಡಿಗೂ ನಾಲ್ಕು ಪ್ರತಿಗಳಾಗುತ್ತವೆ. ಡ್ರಾಪ್‌ಬಾಕ್ಸ್ ಪೂರ್ತಿ ಸಿಂಕ್ ಆಗಿರುವುದನ್ನು ಖಚಿತಪಡಿಸಿಕೊಂಡು ಒಬ್ಬರೇ ಅದನ್ನು ಹಂಚಿಕೆಯ ವಾಲ್ಟ್‌ಗೆ ಸೇರಿಸಲಿ, ಉಳಿದ ಮೂವರು ತಮ್ಮ ಖಾತೆಗಳಿಂದ ಅದನ್ನು ನೋಡಲಿ. ಖಾತೆ ತೆರೆದಾಗ ಪ್ರತಿಯೊಬ್ಬರಿಗೂ ಸೀಕ್ರೆಟ್ ಕೀ ಎಂಬ ಉದ್ದನೆಯ ಸಂಕೇತ ಸಿಗುತ್ತದೆ. ಅದು ನಿಮ್ಮ ಯಂತ್ರದಲ್ಲಿಯೇ ಹುಟ್ಟುವುದು, ಕಂಪನಿಗೆ ಹೋಗುವುದಿಲ್ಲ, ಹೊಸ ಯಂತ್ರದಲ್ಲಿ ಲಾಗಿನ್ ಆಗಲು ಮಾಸ್ಟರ್ ಪಾಸ್‌ವರ್ಡಿನ ಜೊತೆಗೆ ಅದೂ ಬೇಕು. ಅದಿರುವ ಎಮರ್ಜೆನ್ಸಿ ಕಿಟ್ ಎಂಬ ಪುಟವನ್ನು ಮುದ್ರಿಸಿ ಮನೆಯ ಮುಖ್ಯ ದಾಖಲೆಗಳ ಜೊತೆ ಇಡಿ. ಆಡಳಿತಾಧಿಕಾರ ಒಬ್ಬರಿಗಷ್ಟೇ ಇದ್ದರೆ ಸಾಲದು. ಯಾರಾದರೂ ಪಾಸ್‌ವರ್ಡ್ ಮರೆತರೆ ಅವರ ಖಾತೆಯನ್ನು ಆಡಳಿತಗಾರರು ಮರಳಿ ಕೊಡಿಸಬಹುದು, ಆ ಒಬ್ಬರೇ ಮರೆತರೆ ತೊಂದರೆಯಾಗುತ್ತದೆ. ಡ್ರಾಪ್‌ಬಾಕ್ಸ್‌ನ ಹಳೆಯ ವಾಲ್ಟನ್ನು ಅಳಿಸಿದ ಮೇಲೂ ಸಾಮಾನ್ಯ ಖಾತೆಗಳಲ್ಲಿ ಅದು 30 ದಿನ ಮರಳಿ ಪಡೆಯುವಂತೆ ಉಳಿದಿರುತ್ತದೆ, ಎಲ್ಲವೂ ಸರಿಯಾಗಿದೆಯೆಂದು ಖಾತ್ರಿಯಾದ ಮೇಲೆ ಅಲ್ಲಿಂದಲೂ ಶಾಶ್ವತವಾಗಿ ತೆಗೆಯಿರಿ.

ಪ್ರಶ್ನೆ: ಶಿರಸಿಯ ನಮ್ಮ ಸಣ್ಣ ವ್ಯಾಪಾರಿ ಸಂಸ್ಥೆಯಲ್ಲಿ ಹೊಸ ಆವೃತ್ತಿಗೆ ಬದಲಾಗುವಾಗ ಎಲ್ಲರಿಗೂ ಉದ್ದನೆಯ ಮಾಸ್ಟರ್ ಪಾಸ್‌ವರ್ಡ್ ಇಟ್ಟುಕೊಳ್ಳಲು ಹೇಳಿದ್ದೇವೆ. ಇದುವರೆಗೆ ಪಾಸ್‌ವರ್ಡ್‌ಗಳನ್ನು ಡೈರಿಯಲ್ಲಿ ಬರೆದಿಡುತ್ತಿದ್ದ ನಮ್ಮ ಹಿರಿಯ ಗುಮಾಸ್ತರು, ನೆನಪಿಡಲು ಸುಲಭವೆಂದು, ಕನ್ನಡ ಅಕ್ಷರಗಳಲ್ಲಿಯೇ ಇಟ್ಟುಕೊಳ್ಳುತ್ತೇನೆ ಎನ್ನುತ್ತಾರೆ. ಇದು ಸರಿಯೇ?

ಉತ್ತರ: ಅವರ ಆಲೋಚನೆಯ ಅರ್ಧ ಭಾಗ ಬಹಳ ಸರಿ. ಕನ್ನಡದ ಪದಗಳನ್ನು ಬಳಸಲಿ, ಕನ್ನಡ ಲಿಪಿಯಲ್ಲಿ ಒತ್ತುವುದು ಬೇಡ. ಪರದೆಯ ಮೇಲೆ ಒಂದೇ ತೆರನಾಗಿ ಕಾಣುವ ಕನ್ನಡ ಅಕ್ಷರ ಕಂಪ್ಯೂಟರಿನ ಒಳಗೆ ಬೇರೆ ಬೇರೆ ರೀತಿ ಇರಬಹುದು. ಓತ್ವದ ಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಒತ್ವದ ಚಿಹ್ನೆಗೆ ದೀರ್ಘದ ಗುರುತು ಸೇರಿಸಿ ಎರಡಾಗಿಯೂ ಬರೆಯಬಹುದು. ಅರ್ಧಾಕ್ಷರ ಮುಂದಿನದಕ್ಕೆ ಒತ್ತಾಗದಂತೆ ತಡೆಯಲು ಕೆಲವು ಕೀಲಿಮಣೆಗಳು ಕಣ್ಣಿಗೆ ಕಾಣದ ಸಂಕೇತವೊಂದನ್ನು ನಡುವೆ ಸೇರಿಸುತ್ತವೆ, ಬೇರೆ ಕೆಲವು ಸೇರಿಸುವುದಿಲ್ಲ. ಕಚೇರಿಯ ಕಂಪ್ಯೂಟರಿನಲ್ಲಿ ಇಟ್ಟ ಪಾಸ್‌ವರ್ಡನ್ನು ಮೊಬೈಲಿನಲ್ಲಿ ಅಕ್ಷರಕ್ಕೆ ಅಕ್ಷರ ಸರಿಯಾಗಿ ಒತ್ತಿದರೂ ಫೈಲು ತೆರೆಯದೇ ಹೋಗಬಹುದು, ಮತ್ತು ಒತ್ತಿದ್ದು ಚುಕ್ಕೆಗಳಾಗಿ ಕಾಣುವುದರಿಂದ ಕಾರಣವೂ ಗೊತ್ತಾಗುವುದಿಲ್ಲ.

ಕನ್ನಡದ ಐದು ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಲಿ. ಪದಗಳನ್ನು ಮನಸ್ಸಿನಿಂದ ಆರಿಸಬಾರದು, ಮನಸ್ಸು ಆರಿಸುವುದು ಮನೆದೇವರು, ಮಕ್ಕಳು, ಊರು ಇವುಗಳ ಹೆಸರನ್ನೇ. ಶಬ್ದಕೋಶವೊಂದನ್ನು ನೋಡದೆ ಐದು ಕಡೆ ತೆರೆದು, ಬೆರಳಿಟ್ಟಲ್ಲಿ ಸಿಕ್ಕ ಪರಿಚಿತ ಪದವನ್ನು ತೆಗೆದುಕೊಳ್ಳುವುದು ಒಳ್ಳೆಯ ಉಪಾಯ: ಸೌದೆ, ತಕ್ಕಡಿ, ಮುಂಗುಸಿ, ಹದಿನಾರು, ಗೊರವ ಎಂಬಂತೆ ಒಂದಕ್ಕೊಂದು ಸಂಬಂಧವಿಲ್ಲದ ಪದಗಳು ಬರಬೇಕು. (ಇಲ್ಲಿ ಅಚ್ಚಾದ ಇದೇ ಐದನ್ನು ಯಾರೂ ಬಳಸಬಾರದು.) ಗಾದೆ, ವಚನದ ಸಾಲು, ಸಿನಿಮಾ ಹಾಡಿನ ಪಲ್ಲವಿ ಬೇಡ, ಊಹಿಸುವವರೂ ಅವನ್ನು ಬಲ್ಲರು. ಕಾಗುಣಿತವನ್ನು ಮಾತ್ರ ಮೊದಲೇ ಗಟ್ಟಿ ಮಾಡಿಕೊಳ್ಳಬೇಕು. ದೀರ್ಘಕ್ಕೆ ಒಂದು ಅಕ್ಷರವೋ ಎರಡೋ, ಳಕಾರಕ್ಕೆ ಸಣ್ಣಕ್ಷರವೋ ದೊಡ್ಡಕ್ಷರವೋ ಎಂಬುದನ್ನು ತೀರ್ಮಾನಿಸಿ, ಮೊದಲ ಎರಡು ವಾರ ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೊಳ್ಳಲಿ. ಬೆರಳುಗಳಿಗೆ ರೂಢಿಯಾದ ಮೇಲೆ ಆ ಚೀಟಿಯನ್ನು ಮುಚ್ಚಿದ ಲಕೋಟೆಯಲ್ಲಿ ಸಂಸ್ಥೆಯ ತಿಜೋರಿಗೆ ಸೇರಿಸಿ. ಅವರು ಇಷ್ಟು ವರ್ಷ ಡೈರಿಯಲ್ಲಿ ಬರೆದಿಟ್ಟು ಜೋಪಾನ ಮಾಡಿದವರು, ಜೋಪಾನ ಮಾಡುವ ಅಭ್ಯಾಸ ಅವರಲ್ಲಿ ಈಗಾಗಲೇ ಇದೆ.

ಪ್ರಶ್ನೆ: ಈಗಿರುವ ಆವೃತ್ತಿ ಚೆನ್ನಾಗಿಯೇ ನಡೆಯುತ್ತಿದೆ. ಪ್ರತಿ ಅಪ್‌ಡೇಟ್ ಬಂದಾಗಲೂ ಎಲ್ಲರ ಯಂತ್ರಗಳಲ್ಲಿ ಹಾಕುತ್ತಾ ಕೂರುವುದು ನಿಜವಾಗಿ ಅಗತ್ಯವೇ?

ಉತ್ತರ: ಎರಡು ಘಟನೆಗಳನ್ನು ಹೇಳುತ್ತೇನೆ. 2023ರ ಮೇ ತಿಂಗಳಲ್ಲಿ ಕೀಪಾಸ್ 2ರಲ್ಲಿ ಒಂದು ದೋಷ ಬಹಿರಂಗವಾಯಿತು: ಕೀಲಿ ಒತ್ತಿ ನಮೂದಿಸಿದ ಮಾಸ್ಟರ್ ಪಾಸ್‌ವರ್ಡನ್ನು, ಮೊದಲ ಅಕ್ಷರವೊಂದನ್ನು ಬಿಟ್ಟು, ಕಂಪ್ಯೂಟರಿನ ಮೆಮೊರಿಯ ನಕಲಿನಿಂದ ಹೆಕ್ಕಿ ತೆಗೆಯಬಹುದಾಗಿತ್ತು. ಮುಂದಿನ ತಿಂಗಳೇ 2.54ರಲ್ಲಿ ಅದನ್ನು ಸರಿಪಡಿಸಲಾಯಿತು. ಅದಕ್ಕಿಂತ ಹಳೆಯದನ್ನು ಇಂದಿಗೂ ಇಟ್ಟುಕೊಂಡವರಿಗೆ ಆ ದೋಷ ಹಾಗೆಯೇ ಉಳಿದಿದೆ.

ಎರಡನೆಯದು ಇನ್ನೂ ದೊಡ್ಡದು. ಪಾಸ್‌ವರ್ಡ್ ಮ್ಯಾನೇಜರ್ ಸೇವೆ ಕೊಡುವ ಲಾಸ್ಟ್‌ಪಾಸ್ ಕಂಪನಿಯಿಂದ 2022ರಲ್ಲಿ ಗ್ರಾಹಕರ ವಾಲ್ಟ್‌ಗಳ ಬ್ಯಾಕಪ್ ಪ್ರತಿಗಳು ಕಳವಾದವು, ಅವುಗಳಲ್ಲಿ ಜಾಲತಾಣಗಳ ವಿಳಾಸಗಳಿಗೆ ಎನ್‌ಕ್ರಿಪ್ಷನ್ ಕೂಡ ಇರಲಿಲ್ಲ. ಕಳ್ಳರು ಒಳಬಂದದ್ದು ಒಬ್ಬ ಎಂಜಿನಿಯರ್‌ನ ಮನೆಯ ಕಂಪ್ಯೂಟರಿನಲ್ಲಿದ್ದ ಪ್ಲೆಕ್ಸ್ ಎಂಬ ಮನರಂಜನಾ ತಂತ್ರಾಂಶದ ಮೂಲಕ. ಆ ಬಿರುಕನ್ನು ಪ್ಲೆಕ್ಸ್ 2020ರ ಮೇ ತಿಂಗಳಲ್ಲಿಯೇ ಮುಚ್ಚಿತ್ತು, ಆ ಯಂತ್ರದಲ್ಲಿ ಅಪ್‌ಡೇಟ್ ಆಗಿರಲಿಲ್ಲ. ಅಲ್ಲಿ ಒತ್ತಿದ ಕೀಲಿಗಳನ್ನು ಕದ್ದು ನೋಡುವ ತಂತ್ರಾಂಶ ಕೂರಿಸಿ ಅವರು ಆ ಎಂಜಿನಿಯರ್‌ನ ಮಾಸ್ಟರ್ ಪಾಸ್‌ವರ್ಡನ್ನೇ ಪಡೆದರು. ಆದ್ದರಿಂದ ಅಪ್‌ಡೇಟ್ ಪಾಸ್‌ವರ್ಡ್ ಮ್ಯಾನೇಜರ್‌ಗೆ ಮಾತ್ರ ಸಾಲದು, ಅದು ಕೂತಿರುವ ಯಂತ್ರಕ್ಕೂ ಬೇಕು. 2020ರ ಜನವರಿಯಲ್ಲಿ ಬೆಂಬಲ ನಿಂತ ವಿಂಡೋಸ್ 7ರ ಕಂಪ್ಯೂಟರ್ ನಿಮ್ಮಲ್ಲಿದ್ದರೆ ಅದರಲ್ಲಿ ಪಾಸ್‌ವರ್ಡ್ ಫೈಲನ್ನು ತೆರೆಯುವುದನ್ನು ನಿಲ್ಲಿಸಿ. ಹೊಸ ಬಿಡುಗಡೆ ಬಂದ ದಿನವೇ ಎಲ್ಲೆಡೆ ಹಾಕಬೇಕೆಂದಿಲ್ಲ, ಒಂದು ಯಂತ್ರದಲ್ಲಿ ಕೆಲವು ದಿನ ನೋಡಿ ಆಮೇಲೆ ಉಳಿದವಕ್ಕೆ ಹಾಕಿ. ಭದ್ರತಾ ದೋಷ ಸರಿಪಡಿಸಲಾಗಿದೆ ಎಂದಿದ್ದರೆ ಮಾತ್ರ ಕಾಯಬೇಡಿ.

ಪ್ರಶ್ನೆ: ಹೊಸ ಆವೃತ್ತಿಯನ್ನು ಗೂಗಲ್‌ನಲ್ಲಿ ಹುಡುಕಿ ಇಳಿಸಿಕೊಳ್ಳಬಹುದೇ?

ಉತ್ತರ: ಹುಡುಕಬೇಡಿ, ವಿಳಾಸವನ್ನು ನೀವೇ ಟೈಪ್ ಮಾಡಿ. 2023ರ ಅಕ್ಟೋಬರ್‌ನಲ್ಲಿ ಗೂಗಲ್ ಹುಡುಕಾಟದ ಮೇಲ್ತುದಿಯಲ್ಲಿ ಬಂದ ಜಾಹೀರಾತೊಂದು ಜನರನ್ನು ನಕಲಿ ಕೀಪಾಸ್ ತಾಣಕ್ಕೆ ಕರೆದೊಯ್ಯುತ್ತಿತ್ತು. ಅದರ ವಿಳಾಸಕ್ಕೂ ನಿಜವಾದ ಕೀಪಾಸ್ ಡಾಟ್ ಇನ್ಫೋ ವಿಳಾಸಕ್ಕೂ ಇದ್ದ ವ್ಯತ್ಯಾಸ ಇಂಗ್ಲಿಷ್‌ನ ಕೆ ಅಕ್ಷರದ ಕೆಳಗಿನ ಅಲ್ಪವಿರಾಮದಷ್ಟು ಚಿಕ್ಕ ಗುರುತು, ಪರದೆಯ ಮೇಲಿನ ಧೂಳೆಂದು ಒರೆಸಿಬಿಡುವಂಥದ್ದು. ಕಚೇರಿಯಲ್ಲಿ ಒಬ್ಬರು ಮಾತ್ರ ಅಧಿಕೃತ ತಾಣದಿಂದ ಫೈಲನ್ನು ಇಳಿಸಿ, ಅದರ ಗುಣಲಕ್ಷಣಗಳಲ್ಲಿ ಡಿಜಿಟಲ್ ಸಹಿ ಯಾರದೆಂದು ನೋಡಿ, ಶೇರ್ಡ್ ಫೋಲ್ಡರಿನಲ್ಲಿ ಇಡಲಿ. ಉಳಿದವರು ಅಲ್ಲಿಂದಲೇ ಹಾಕಿಕೊಳ್ಳಲಿ. ಬ್ರೌಸರಿನ ಎಕ್ಸ್‌ಟೆನ್ಷನ್ ಬೇಕಾದರೂ ಅದೇ ಅಧಿಕೃತ ತಾಣದ ಪುಟದಲ್ಲಿರುವ ಕೊಂಡಿಯಿಂದ ಹೋಗಿ.